ಗಂಜ್‌ನ ಲೆಕ್ಕ, ರಾಯಚೂರಿನ ಬಿಸಿಲು, ನನ್ನ ಆಟಗಳು

ಹೊಸ ಆಟ ಬಿಡುಗಡೆಯಾದರೆ ಗೆಳೆಯರು ವಿಚಾರಿಸುವುದು ಗ್ರಾಫಿಕ್ಸ್ ಹೇಗಿದೆ, ಕಥೆ ಎಂಥದ್ದು, ಎಷ್ಟು ದಿನ ಆಡಬಹುದು ಎಂದು. ನಾನು ಮಾತ್ರ ಅದನ್ನು ನಡುವೆಯೇ ಎಷ್ಟು ಬೇಗ ನಿಲ್ಲಿಸಲು ಬರುತ್ತದೆ ಎಂದು ನೋಡುತ್ತೇನೆ. ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನಲ್ಲಿ, ರೈತರ ಮಾಲು ಮಾರಿಕೊಡುವ ಅಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ದಸರಾ ಕಳೆಯುತ್ತಿದ್ದಂತೆ ಹತ್ತಿಯ ಆವಕ ಏರುತ್ತದೆ. ಮಾಲು ಇಳಿಸುವುದು, ಟೆಂಡರ್, ತೂಕ, ಕೊನೆಗೆ ಹಮಾಲಿ, ಮುಂಗಡ ಎಲ್ಲ ಕಳೆದು ರೈತರ ಕೈಗೆ ಲೆಕ್ಕದ ಪಟ್ಟಿ. ಸಂಕ್ರಾಂತಿಯವರೆಗೆ ಇದೇ ಗಡಿಬಿಡಿ. ರಾತ್ರಿ ಮನೆ ಸೇರಿ ರೊಟ್ಟಿ, ಪುಂಡಿಪಲ್ಯ ಉಂಡು ಲ್ಯಾಪ್‌ಟಾಪ್ ತೆರೆದರೆ ನನ್ನ ಪಾಲಿಗೆ ಉಳಿಯುವುದು ಒಂದು ತಾಸು. ಅದರ ನಡುವೆಯೂ ಸಾಹುಕಾರರ ಫೋನ್ ಬರುತ್ತದೆ: "ಆ ಮಾನ್ವಿಯವರ ಹತ್ತಿ ಅಂಡಿಗೆ ಎಷ್ಟಿದ್ದವು, ನೋಡಿ ಹೇಳು." ಆಗ ಪರದೆಯ ಮೇಲೆ ಎಂಥ ರಾಕ್ಷಸನಿದ್ದರೂ ಅವನು ಕಾಯಬೇಕು.

ಇದೇ ಕಾರಣಕ್ಕೆ ಎಲ್ಡನ್ ರಿಂಗ್ ನನಗೆ ಒಗ್ಗಲಿಲ್ಲ. 2022ರಲ್ಲಿ ಬಂದ ಆ ಆಟವನ್ನು ಜಗತ್ತೇ ಹೊಗಳಿತು, ಹೊಗಳಿಕೆ ಸುಳ್ಳೂ ಅಲ್ಲ. ಆದರೆ ಒಬ್ಬರೇ ಆಡುತ್ತಿದ್ದರೂ ಅದರಲ್ಲಿ ಆಟ ನಿಲ್ಲಿಸಿಡುವ ಪಾಜ್ ಬಟನ್ ಇಲ್ಲ. ಮೆನು ತೆರೆದು ಕುಳಿತರೂ ಹಿಂದೆ ಶತ್ರು ಬಂದು ಹೊಡೆಯುತ್ತಲೇ ಇರುತ್ತಾನೆ. ಮದುವೆಯಾಗದ, ಕೆಲಸವಿಲ್ಲದ, ಫೋನ್ ಆಫ್ ಮಾಡಬಲ್ಲ ಪುಣ್ಯವಂತರಿಗೆ ಅದು ಸರಿ. ಮೊಬೈಲ್‌ನಲ್ಲಿ ತಂಡ ಕಟ್ಟಿ ಆಡುವ ಗುಂಡಿನ ಕಾಳಗದ ಆಟ ಬಿಜಿಎಂಐ ಕೂಡ ಹಾಗೆಯೇ. ಬೇಸಿಗೆ ರಜೆಗೆ ಬರುವ ನನ್ನ ಅಳಿಯ ಆಟಕ್ಕೆ ಕುಳಿತನೆಂದರೆ ಅರ್ಧ ತಾಸು ಅವನನ್ನು ಯಾರೂ ಮಾತನಾಡಿಸುವಂತಿಲ್ಲ. "ಮಾಮಾ, ಇದು ನಿಲ್ಲುವುದಿಲ್ಲ, ನಾನು ಬಿಟ್ಟರೆ ಉಳಿದ ಮೂವರೂ ಸಾಯುತ್ತಾರೆ" ಎನ್ನುತ್ತಾನೆ. ಅವನ ಮಾತೂ ನಿಜ, ಆರುತ್ತಿರುವ ರೊಟ್ಟಿಯನ್ನು ಮುಂದಿಟ್ಟುಕೊಂಡು ಬೈಯುವ ಅವ್ವನ ಮಾತೂ ನಿಜ.

ಕಳೆದ ಕೆಲವು ತಿಂಗಳು ನನ್ನನ್ನು ಹಿಡಿದಿಟ್ಟದ್ದು ಹಾಲೋ ನೈಟ್: ಸಿಲ್ಕ್‌ಸಾಂಗ್. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ ಇದನ್ನು 2019ರಲ್ಲಿ ಘೋಷಿಸಿ, ಆರು ವರ್ಷ ಕಾಯಿಸಿ, 2025ರ ಸೆಪ್ಟೆಂಬರ್ 4ರಂದು ಬಿಡುಗಡೆ ಮಾಡಿತು. ನಮ್ಮಲ್ಲಿ ಆಗ ಸಂಜೆ ಏಳೂವರೆ. ಎಲ್ಲರೂ ಒಮ್ಮೆಗೇ ಮುಗಿಬಿದ್ದು ಆನ್‌ಲೈನ್ ಅಂಗಡಿಗಳೇ ತಡವರಿಸಿದವು. ಹತ್ತಿ ಬರಲು ಇನ್ನೂ ಸಮಯವಿತ್ತು, ಹಾಗಾಗಿ ಶುರುವಿನ ಭಾಗವನ್ನು ನೆಮ್ಮದಿಯಾಗಿ ಆಡಿದೆ. ನೆಮ್ಮದಿ ಎಂದದ್ದು ಸಮಯದ ವಿಷಯದಲ್ಲಿ ಮಾತ್ರ. ಹಾರ್ನೆಟ್ ಎಂಬ ನಾಯಕಿಗೆ ಆರಂಭದಲ್ಲಿ ಐದು ಮುಖವಾಡಗಳಷ್ಟು ಜೀವ. ಸಾಕಷ್ಟು ಶತ್ರುಗಳು ಒಂದು ಏಟಿಗೆ ಎರಡನ್ನು ಕಿತ್ತುಕೊಳ್ಳುತ್ತಾರೆ. ಅಂದರೆ ಮೂರೇ ಏಟಿಗೆ ಕಥೆ ಮುಗಿಯಿತು. ಹೊಡೆದು ಹೊಡೆದು ರೇಷ್ಮೆ ಕೂಡಿಟ್ಟರೆ ಒಂದೇ ಸಲಕ್ಕೆ ಮೂರು ಮುಖವಾಡ ವಾಪಸ್ ಬರುತ್ತವೆ. ಎಲ್ಲವನ್ನೂ ಆ ಒಂದು ಗಳಿಗೆಗೆ ಕಾದಿಡಬೇಕು.

ಲೆಕ್ಕ ಬರೆಯುವವನ ಕಣ್ಣಿಗೆ ಬಿದ್ದದ್ದು ಬೇರೆಯೇ. ಇಲ್ಲಿಯ ಹಣವೆಂದರೆ ಜಪಮಣಿಗಳು. ಸತ್ತರೆ ಕೈಯಲ್ಲಿದ್ದ ಮಣಿಗಳು ಸತ್ತ ಜಾಗದಲ್ಲೇ ಒಂದು ಗೂಡಿನಲ್ಲಿ ಉಳಿಯುತ್ತವೆ. ಅದನ್ನು ತಲುಪುವ ಮುನ್ನ ಮತ್ತೊಮ್ಮೆ ಸತ್ತರೆ ಅಷ್ಟೂ ಗೋವಿಂದ. ಇದಕ್ಕೆ ಉಪಾಯವೆಂದರೆ ಅಂಗಡಿಯಲ್ಲಿ ಮಣಿಸರ ಕೊಳ್ಳುವುದು. ಸರವಾಗಿ ಪೋಣಿಸಿದ ಮಣಿ ಸತ್ತರೂ ಹೋಗುವುದಿಲ್ಲ. ಆದರೆ ಆರಂಭದ ಊರಿನ ಅಂಗಡಿಯವನು 80 ಮಣಿ ತೆಗೆದುಕೊಂಡು ಕೊಡುವುದು 60 ಮಣಿಯ ಸರ. ನೂರಕ್ಕೆ ಇಪ್ಪತ್ತೈದು ದಲಾಲಿ! ಗಂಜ್‌ನಲ್ಲಿ ಯಾರಾದರೂ ಹೀಗೆ ಹಿಡಿದರೆ ರೈತರು ಅಂಗಡಿಯ ಮುಂದೆ ಧರಣಿ ಕೂರುತ್ತಾರೆ. ನಾನು ಮಾತ್ರ ಸುಮ್ಮನೆ ಕೊಟ್ಟೆ, ಈಗಲೂ ಕೊಡುತ್ತಿದ್ದೇನೆ. ಯಾವ ಗಳಿಗೆಯಲ್ಲಿ ಎದ್ದು ಹೋಗಬೇಕಾಗುತ್ತದೋ ತಿಳಿಯದವನಿಗೆ ಕೈಯಲ್ಲಿ ಬಿಡಿ ಮಣಿ ಇಟ್ಟುಕೊಳ್ಳುವುದು ಮೈಮೇಲೆ ಸಾಲ ಎಳೆದುಕೊಂಡಂತೆ. ಬೆಂಚ್ ಕಂಡಲ್ಲಿ ಕೂರುವುದು, ಅಂಗಡಿ ಕಂಡಲ್ಲಿ ಸರ ಕೊಳ್ಳುವುದು, ಇಷ್ಟನ್ನು ರೂಢಿ ಮಾಡಿಕೊಂಡರೆ ಈ ಕಷ್ಟದ ಆಟವೂ ದಿನಕ್ಕೊಂದು ತಾಸಿನವರಿಗೆ ದಕ್ಕುತ್ತದೆ. ಆಟ ಮುಚ್ಚಿದರೆ ಮರುದಿನ ಕೊನೆಗೆ ಕುಳಿತ ಬೆಂಚಿನಿಂದಲೇ ಶುರು. ತಲೆ ಕೆಡಿಸಿದ್ದು ಲಾಸ್ಟ್ ಜಡ್ಜ್ ಒಬ್ಬನೇ. ಸರಪಳಿಗೆ ಕಟ್ಟಿದ ಧೂಪದ ಗುಂಡನ್ನು ಬೀಸುತ್ತಾ ಬರುತ್ತಾನೆ. ಅವನು ಕಷ್ಟದವನಲ್ಲ, ಬೆಂಚಿನಿಂದ ಅವನ ಬಾಗಿಲಿನವರೆಗೆ ಜಿಗಿಯುತ್ತಾ ಹೋಗುವ ದಾರಿಯೇ ಕಷ್ಟ. ಸೋತಾಗಲೆಲ್ಲ ಆ ದಾರಿ ಮತ್ತೆ. ಕೊನೆಗೆ ಬಿದ್ದ ಮೇಲೂ ಅವನು ಸ್ಫೋಟಿಸುತ್ತಾನೆ. ಗೆದ್ದೆನೆಂದು ಹತ್ತಿರ ನಿಂತವನನ್ನೂ ಕರೆದುಕೊಂಡು ಹೋಗುವ ಜಾತಿ.

ಇನ್ನು ಬಿಸಿಲಿನ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಲ್ಯಾಪ್‌ಟಾಪ್‌ನ ಪ್ರೊಸೆಸರ್ 95–100 ಡಿಗ್ರಿಯ ಹತ್ತಿರ ಬಂದರೆ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಆಗಲೇ ಆಟ ತೊದಲುವುದು. ಬೆಂಗಳೂರಿನವರು ಕೊಡುವ ಸಲಹೆಗಳು ತಂಪಾದ ಕೋಣೆಗೆ ಹೇಳಿದವು. ನನ್ನದು ಬೇರೆ ಕ್ರಮ. ಮೊದಲನೆಯದಾಗಿ, ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೋ ಬೂಸ್ಟ್ ಎಂಬ ಹೆಚ್ಚುವರಿ ಓಟ ನಿಂತುಹೋಗುತ್ತದೆ. ಕಾಗದದ ಮೇಲೆ ಒಂದೇ ಅಂಕಿಯ ವ್ಯತ್ಯಾಸ, ಕೈ ಇಟ್ಟು ನೋಡಿದರೆ ಕೀಬೋರ್ಡ್ ಮುಟ್ಟುವಂತಾಗಿರುತ್ತದೆ. ಆಮೇಲೆ ಆಟದ ಫ್ರೇಮ್‌ಗೆ, ಅಂದರೆ ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳಿಗೆ, ಕಡಿವಾಣ. ಸಿಲ್ಕ್‌ಸಾಂಗ್‌ನಂಥದ್ದಕ್ಕೆ 60 ಬೇಕೇ ಬೇಕು, ನಿಧಾನದ ಆಟಗಳಿಗೆ 30 ಸಾಕು. ಸುಮ್ಮನೆ ಬಿಟ್ಟರೆ ಮೆನು ತೋರಿಸಲು ಕೂಡ ಯಂತ್ರ ನೂರಾರು ಫ್ರೇಮ್ ಉರುಳಿಸುತ್ತಾ ಬಿಸಿಯಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಸಿಕ್ಕಿದ್ದು ಲ್ಯಾಪ್‌ಟಾಪ್‌ನ ಹೊಟ್ಟೆಯೊಳಗೆ. ಹಗಲು ಅದೇ ಯಂತ್ರ ಅಂಗಡಿಯಲ್ಲಿ ಟ್ಯಾಲಿ ನಡೆಸುತ್ತದೆ. ಗಂಜ್‌ನ ಗಾಳಿಯಲ್ಲಿ ಹತ್ತಿಯ ಎಳೆ ಸದಾ ತೇಲುತ್ತಿರುತ್ತದೆ. ರೆಪ್ಪೆಯ ಮೇಲೆ, ಚಹಾದ ಕಪ್ಪಿನಲ್ಲಿ, ಎಲ್ಲೆಡೆ. ತಳದ ಸ್ಕ್ರೂ ಬಿಚ್ಚಿ ನೋಡಿದಾಗ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದುಬಣ್ಣದ ಪಟ್ಟಿಯೊಂದು ಅಂಟಿ ಕುಳಿತಿತ್ತು. ಚಿಮುಟದಿಂದ ಎಳೆದರೆ ಕಂಬಳಿಯ ತುಂಡಿನಂತೆ ಇಡಿಯಾಗಿ ಬಂತು. ಆ ಕಡೆಯಿಂದ ಈ ಕಡೆಗೆ ಬೆಳಕೇ ತೂರುತ್ತಿರಲಿಲ್ಲ, ಇನ್ನು ಗಾಳಿ ಎಲ್ಲಿಂದ! ಈಗ ಹತ್ತಿಯ ಸೀಸನ್ನಿನಲ್ಲಿ ತಿಂಗಳಿಗೊಮ್ಮೆ ಬಿಚ್ಚುತ್ತೇನೆ. ಬ್ಲೋವರ್ ಹಿಡಿಯುವ ಮುನ್ನ ಫ್ಯಾನಿನ ರೆಕ್ಕೆಯ ಸಂದಿಗೆ ಒಂದು ಹಲ್ಲುಕಡ್ಡಿ ಸಿಕ್ಕಿಸುತ್ತೇನೆ. ಇಲ್ಲದಿದ್ದರೆ ಗಾಳಿಯ ರಭಸಕ್ಕೆ ಫ್ಯಾನ್ ಮಿತಿ ಮೀರಿ ತಿರುಗಿ ಹಾಳಾಗುವ ಸಾಧ್ಯತೆಯಿದೆ. ಬೇಸಿಗೆಗೆ ಮುಂಚೆ ಪ್ರೊಸೆಸರ್‌ನ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದರೆ ಆ ವರ್ಷದ ಚಿಂತೆ ಮುಗಿಯಿತು. ಕೂಲರ್ ಮುಂದೆ ಲ್ಯಾಪ್‌ಟಾಪ್ ಇಡಬಾರದು, ನಾವು ಕೂರಬಹುದು. ಅದು ಒದ್ದೆ ಗಾಳಿ.

ಈ ಬಿಸಿಲಿನ ಪರೀಕ್ಷೆಯಲ್ಲಿ ಸೋತ ದೊಡ್ಡ ಆಟ ಕ್ಲೇರ್ ಅಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33. ಫ್ರಾನ್ಸ್‌ನ ಮೊಂಪೆಲಿಯೆ ಊರಿನ ತಂಡದ್ದು. ಡಿಸೆಂಬರಿನಲ್ಲಿ 2025ರ ವರ್ಷದ ಆಟ ಪ್ರಶಸ್ತಿಯನ್ನೂ ಹೊತ್ತುಕೊಂಡು ಹೋಯಿತು. ಸರದಿಯ ಕಾಳಗವಾದ್ದರಿಂದ ನನಗೆ ಹೇಳಿ ಮಾಡಿಸಿದ್ದು ಎಂದುಕೊಂಡಿದ್ದೆ. ಆದರೆ ಬಿಡುಗಡೆ ಏಪ್ರಿಲ್ 24ಕ್ಕೆ, ನಮ್ಮಲ್ಲಿ ಉರಿಬಿಸಿಲಿಗೆ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನು ನಾನು ಕಥೆಗೆ ಖರ್ಚು ಮಾಡುವುದಿಲ್ಲ. ತಾಪಮಾನ ತೋರಿಸುವ ಸಣ್ಣ ಪಟ್ಟಿಯನ್ನು ಮೂಲೆಯಲ್ಲಿಟ್ಟು, ಸೆಟ್ಟಿಂಗ್ ಒಂದೊಂದಾಗಿ ಇಳಿಸುತ್ತಾ, ಗಿಜಿಗುಡುವ ದೃಶ್ಯಗಳಲ್ಲಿ ಏನಾಗುತ್ತದೆ ಎಂದು ನೋಡುತ್ತೇನೆ. ಎಕ್ಸ್‌ಪೆಡಿಷನ್ ಎಲ್ಲವನ್ನೂ ಕೆಳಗಿಳಿಸಿದ ಮೇಲೂ ಬೆವರಿತು. ವಾಪಸ್ ಕಳಿಸಿದೆ. ಸಂಗೀತ ಮಾತ್ರ ಇನ್ನೂ ಕೇಳುತ್ತಿದ್ದೇನೆ.

ಅಂಗಡಿಯಲ್ಲಿ ಟೆಂಡರ್ ಮುಗಿದು ತೂಕ ಶುರುವಾಗುವ ನಡುವಿನ ಹೊತ್ತಿಗೆ ಮೊಬೈಲ್‌ನಲ್ಲಿ ಬಲಾಟ್ರೋ ಇದೆ. 2024ರ ಫೆಬ್ರವರಿಯಲ್ಲಿ ಕಂಪ್ಯೂಟರಿಗೆ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೊಬೈಲಿಗೆ ಬಂತು. ಒಂದು ಸಿನಿಮಾಕ್ಕಿಂತ ಕಡಿಮೆ ಜಾಗ ಸಾಕು. ಇಸ್ಪೀಟಿನ ಎಲೆಗಳಿಂದ ಪೋಕರ್ ಆಟದ ಜೋಡಣೆಗಳನ್ನು ('ಕೈ' ಎನ್ನುತ್ತಾರೆ) ಕಟ್ಟುವುದು; ಒಂದು ಕಡೆ ಚಿಪ್, ಇನ್ನೊಂದು ಕಡೆ ಗುಣಕ, ಎರಡನ್ನೂ ಗುಣಿಸಿ ಬಂದ ಅಂಕ ಗುರಿ ದಾಟಬೇಕು. 150 ಜೋಕರ್‌ಗಳು ಈ ಗುಣಾಕಾರವನ್ನು ತಿರುಚುತ್ತವೆ. ಆಟದೊಳಗೆ ಉಳಿಸಿಕೊಂಡ ಪ್ರತಿ ಐದು ಡಾಲರಿಗೆ ಒಂದು ಡಾಲರ್ ಬಡ್ಡಿ, ಸಾಮಾನ್ಯವಾಗಿ ಐದಕ್ಕೆ ಮಿತಿ. ಆದ್ದರಿಂದ 25 ಕೂಡಿಟ್ಟು ಮಿಕ್ಕದ್ದನ್ನಷ್ಟೇ ಖರ್ಚು ಮಾಡುವವನು ಗೆಲ್ಲುತ್ತಾನೆ. ಎಲ್ಲಿ ಬೇಕಾದರೂ ಫೋನ್ ಜೇಬಿಗೆ ಹಾಕಬಹುದು, ಕೈ ಅಲ್ಲೇ ಕಾದಿರುತ್ತದೆ.

ಒಂದು ದಿನ ಸಾಹುಕಾರರು ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ.

"ಏನಪ್ಪಾ, ರಮ್ಮಿ ಶುರುವಾಯಿತೇ?"

"ಇಲ್ಲ ಸಾಹುಕಾರರೇ, ಇದರಲ್ಲಿ ದುಡ್ಡಿಲ್ಲ."

"ದುಡ್ಡಿಲ್ಲದ ಮೇಲೆ ಎಲೆ ಯಾಕೆ ಹಿಡಿಯಬೇಕು?"

ಅವರ ಅನುಮಾನಕ್ಕೆ ಕಾರಣವಿತ್ತು. ಮೊಬೈಲ್ ರಮ್ಮಿಯಲ್ಲಿ ವಾರದ ಕೂಲಿ ಕಳೆದುಕೊಂಡು ಮತ್ತೆ ಮುಂಗಡ ಕೇಳಲು ಬಂದವರನ್ನು ಅವರೂ ಕಂಡಿದ್ದಾರೆ, ನಾನೂ ಕಂಡಿದ್ದೇನೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಬೇರೆಯಾಗಿ ಮಾನ್ಯತೆ ಕೊಟ್ಟಿತು. ನನಗೆ ಅದರಿಂದ ಬೇಸರವಿಲ್ಲ. ಆಟ ಎಂದರೆ ಜೂಜು ಎಂದು ತಿಳಿದವರಿಗೆ ಬಿಡಿಸಿ ಹೇಳುವ ಕಷ್ಟ ಸ್ವಲ್ಪ ತಪ್ಪಿತು. ಅಂದಹಾಗೆ, ಬಲಾಟ್ರೋ ಬಗ್ಗೆ ಸಾಹುಕಾರರ ಅನುಮಾನ ಯುರೋಪಿನ ಪೆಗಿ ಎಂಬ ವಯೋಮಿತಿ ಸಂಸ್ಥೆಗೂ ಬಂದಿತ್ತು: 18 ದಾಟಿದವರಿಗೆ ಮಾತ್ರ ಎಂದು ಮುದ್ರೆ ಒತ್ತಿ, ಮೇಲ್ಮನವಿಯ ನಂತರ 2025ರ ಫೆಬ್ರವರಿಯಲ್ಲಿ 12ಕ್ಕೆ ಇಳಿಸಿತು.

ಭಾನುವಾರ ಊರಿಗೆ ಹೋದಾಗ ಅಪ್ಪನೂ ನೋಡುವ ಒಂದು ಆಟವಿದೆ, ಸ್ಟಾರ್‌ಡ್ಯೂ ವ್ಯಾಲಿ. 2016ರದ್ದಾದರೂ 2024ರಲ್ಲಿ ದೊಡ್ಡ ಅಪ್‌ಡೇಟ್ ಬಂದ ಮೇಲೆ ಮತ್ತೆ ಶುರು ಮಾಡಿದೆ. ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿದೆ. ನೀರು ತಲುಪಿತೇ ಇಲ್ಲವೇ ಎಂಬುದರ ಮೇಲೆ ಮನೆಯ ಮಾತುಕತೆಯೆಲ್ಲ ನಡೆಯುತ್ತದೆ. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. ನಾಲ್ಕು ದಿನಕ್ಕೆ ಬರುವ ಪಾರ್ಸ್ನಿಪ್ ಗಡ್ಡೆ ಕಿತ್ತೆ, ಮನೆ ಮುಂದಿನ ಪೆಟ್ಟಿಗೆಯಲ್ಲಿ ಹಾಕಿದೆ, ಮಲಗಿ ಎದ್ದೆ, ಹಣ ಬಂದಿತ್ತು.

"ತೂಕ ಯಾರು ಮಾಡಿದರು?" ಎಂದು ಕೇಳಿದರು.

"ಯಾರೂ ಇಲ್ಲ. ಗಡ್ಡೆಗೆ ಇಷ್ಟು ಎಂದು ದರ ನಿಗದಿ."

"ತೇವಾಂಶ ಎಂದು ಕಡಿಯುವುದಿಲ್ಲವೇ?"

"ಇಲ್ಲ."

"ನೀರಿಗೆ ಸರದಿ?"

"ಕೆರೆಯಲ್ಲಿ ಅದ್ದಿಕೊಂಡರೆ ಸಾಕು, ಕೆರೆ ಬತ್ತುವುದಿಲ್ಲ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಗಂಜ್‌ನಲ್ಲಿ ನಿನಗೆ ಕೆಲಸವೇ ಇಲ್ಲ" ಎಂದರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದ ವಾರ ನಾನು ಈ ಆಟ ತೆರೆಯಲೇ ಇಲ್ಲ. ಮನೆಮಂದಿಯೆಲ್ಲ ಜಲಾಶಯದ ನೀರಿನ ಮಟ್ಟವನ್ನೇ ನೋಡುತ್ತಿದ್ದೆವು. ಸ್ಟಾರ್‌ಡ್ಯೂನಲ್ಲಿ ಒಂದೇ ಎಚ್ಚರಿಕೆ ಬೇಕು: ರಾತ್ರಿ ಮಲಗಿದಾಗ ಮಾತ್ರ ಆಟ ಸೇವ್ ಆಗುತ್ತದೆ, ಒಂದು ದಿನಕ್ಕೆ ಸುಮಾರು 14 ನಿಮಿಷ. ಊರಿನಲ್ಲಿ ಮಳೆಗಾಳಿಗೆ ಕರೆಂಟ್ ಹೋಗುವ ಕಾಲಕ್ಕೆ ಬ್ಯಾಟರಿ ಅರ್ಧಕ್ಕಿಂತ ಕಡಿಮೆಯಿದ್ದರೆ ಹೊಸ ದಿನ ಶುರು ಮಾಡುವುದಿಲ್ಲ.

ನನ್ನ ಅಳತೆಗೋಲಿನಲ್ಲಿ ಪೂರ್ಣ ಅಂಕ ಪಡೆದದ್ದು ಮಾತ್ರ ನಕ್ಷೆಯ ಮೇಲೆ ರಾಜ್ಯ ಆಳುವ 2013ರ ಆಟ, ಯುರೋಪಾ ಯೂನಿವರ್ಸಾಲಿಸ್ 4. ಸ್ಪೇಸ್ ಕೀ ಒತ್ತಿದರೆ ಇಡೀ ಭೂಗೋಳ ನಿಲ್ಲುತ್ತದೆ. ಊಟ ಮಾಡಿ, ಪಟ್ಟಿ ಬರೆದು, ನಿದ್ದೆ ಮಾಡಿ ಬಂದರೂ ನಿಂತೇ ಇರುತ್ತದೆ. ಸ್ಟಾಕ್‌ಹೋಮ್‌ನ ಪ್ಯಾರಡಾಕ್ಸ್ ಕಂಪನಿ ಮಾಡಿದ ಆ ನಕ್ಷೆಯಲ್ಲಿ ರಾಯಚೂರು ದೋಆಬ್ ಕಂಡಾಗ ಆದ ಖುಷಿ ಇನ್ನೂ ಆರಿಲ್ಲ. ಆಟ ಶುರುವಾಗುವುದು 1444ರಲ್ಲಿ. ಮೇಲೆ ಕೃಷ್ಣಾ, ಕೆಳಗೆ ತುಂಗಭದ್ರಾ, ನಡುವಿನ ನಮ್ಮ ನೆಲಕ್ಕಾಗಿ ವಿಜಯನಗರಕ್ಕೂ ಬಹಮನಿಗಳಿಗೂ ಮುಗಿಯದ ಜಗಳ. ಕೃಷ್ಣದೇವರಾಯ 1520ರಲ್ಲಿ ವಿಜಯಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. 1565ರ ತಾಳಿಕೋಟೆ ಯುದ್ಧದ ನಂತರ ಅದು ಮತ್ತೆ ವಿಜಯಪುರದ ಪಾಲಾಯಿತು. ಶಾಲೆಯಲ್ಲಿ ಇಸವಿ ಕಂಠಪಾಠ ಮಾಡಿದ್ದೆ. ಕೋಟೆ ಯಾಕೆ ಕೈಯಿಂದ ಕೈಗೆ ಹೋಗುತ್ತಿತ್ತು ಎಂಬುದು ಹೊಳೆದದ್ದು ವಿಜಯನಗರವಾಗಿ ಆಡಿದಾಗ. ದೋಆಬ್ ನಿನ್ನದಾದರೆ ಉತ್ತರದ ನದಿಯವರೆಗೆ ನಿನ್ನ ಗಡಿ. ಇಲ್ಲದಿದ್ದರೆ ಶತ್ರು ನೇರವಾಗಿ ರಾಜಧಾನಿಯ ಬಾಗಿಲಿಗೆ ಬರುತ್ತಾನೆ. ಇದರ ಐದನೇ ಆವೃತ್ತಿ 2025ರ ನವೆಂಬರ್ 4ಕ್ಕೆ ಬಂದಿದೆ, 1337ರಿಂದ ಆರಂಭ, ಅಂದರೆ ವಿಜಯನಗರ ಹುಟ್ಟಿದ ಮರುವರ್ಷ. ಆದರೆ ಕನಿಷ್ಠ 16 ಜಿಬಿ ರ‍್ಯಾಮ್ ಕೇಳುತ್ತದೆ, ನನ್ನಲ್ಲಿರುವುದು 8.

ಹತ್ತಿ ಈಗ ಇಳಿಮುಖವಾಗಿ ತೊಗರಿ ಬರತೊಡಗಿದೆ. ರ‍್ಯಾಮ್ ವಿಚಾರಿಸಲು ಅಂಗಡಿಗೆ ಹೋದರೆ ದರ ಕೆಲವೇ ತಿಂಗಳಲ್ಲಿ ಏರಿ ಕುಳಿತಿದೆ. ಎಐ ಸರ್ವರ್‌ಗಳಿಗೆ ಮೆಮೊರಿಯೆಲ್ಲ ಹರಿದುಹೋಗುತ್ತಿದೆಯಂತೆ. ಹಳೆಯದು ಎಲ್ಲಾದರೂ ಸಿಕ್ಕರೆ ಫೋನ್ ಮಾಡುವಂತೆ ಅಂಗಡಿಯವನಿಗೆ ಹೇಳಿ ಬಂದಿದ್ದೇನೆ. ಅಲ್ಲಿಯವರೆಗೆ ಸಿಲ್ಕ್‌ಸಾಂಗ್‌ನ ಎರಡನೇ ಅಂಕವಿದೆ, ಶಿವರಾತ್ರಿಯೊಳಗೆ ಮುಗಿಸಬೇಕು. ಆಮೇಲೆ ಬಿಸಿಲು ಏರುತ್ತದೆ, ಪೇಸ್ಟ್ ಬದಲಿಸುವ ಕೆಲಸವಿದೆ.