ಕೋಳಿ ಕೊಳ್ಳುವಾಗ ಮೊದಲು ಜುಟ್ಟು ಮುಟ್ಟಿ ನೋಡಿ

ಹೋದ ಮಳೆಗಾಲ ಮುಗಿದ ಮೇಲೆ ಕಾರವಾರದ ಭಾನುವಾರದ ಸಂತೆಯಿಂದ 'ಅಪ್ಪಟ ಅಸೀಲ್' ಅಂತ ಕಾಳಗದ ತಳಿಯ ಒಂದು ಹುಂಜ ತಂದೆ. ಎತ್ತರ ಇತ್ತು, ಕುತ್ತಿಗೆ ಉದ್ದ ಇತ್ತು, ನಡಿಗೆಯೂ ಪೈಲ್ವಾನನದೇ. ಮನೆಗೆ ಬಂದು ಬುಟ್ಟಿ ಬಿಚ್ಚಿದಾಗ ಕಂಡಿತು, ತಲೆ ಮೇಲೆ ಗರಗಸದ ಹಾಗೆ ಐದು ಹಲ್ಲಿನ ಜುಟ್ಟು. ಅಪ್ಪಟ ಅಸೀಲ್‌ಗೆ ಅದು ಇರುವಂತಿಲ್ಲ. ದುಡ್ಡು ಹೋಯ್ತು, ಸಾರು ಮಾತ್ರ ಚೆನ್ನಾಗಿತ್ತು.

ಜುಟ್ಟಿನ ಜಾತಿ ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೊತ್ತಾಗುತ್ತದೆ. ತೆಳ್ಳಗಿನ ಒಂದೇ ಹಾಳೆ, ಅಂಚಿಗೆ ಹಲ್ಲು ಅಂದರೆ ಸಿಂಗಲ್. ನಮ್ಮ ಊರ ಕೋಳಿಗಳಲ್ಲಿ ಜಾಸ್ತಿ ಕಾಣುವುದು ಇದೇ. ಲೆಗ್‌ಹಾರ್ನ್, ಕಡಕ್‌ನಾಥ್ ತಳಿಗಳೂ ಇದೇ ಗುಂಪು. ತಲೆಗೆ ಅಂಟಿಕೊಂಡು ಮೂರು ಸಾಲು ಗುಳ್ಳೆ, ನಡುವಿನದು ತುಸು ಎತ್ತರ ಇದ್ದರೆ ಅದು ಪೀ, ಅಂದರೆ ಬಟಾಣಿ ಜುಟ್ಟು. ಅಸೀಲ್, ಬ್ರಹ್ಮ ಕೋಳಿಗಳದ್ದು. ಅಗಲವಾಗಿ, ಮೇಲೆಲ್ಲ ಮೊಡವೆಯ ಹಾಗೆ ಉಬ್ಬು, ಹಿಂದಕ್ಕೆ ಚೂಪಾಗಿದ್ದರೆ ರೋಸ್. ಹೆಸರಿಗೆ ಗುಲಾಬಿ, ನೋಡಲಿಕ್ಕೆ ಹಾಗಲಕಾಯಿ ತುಂಡು! ವೈಯಾಂಡಾಟ್ ತಳಿಗೆ ಇದೇ ಇರಬೇಕು. ರೇಷ್ಮೆಯಂಥ ಪುಕ್ಕದ ಸಿಲ್ಕಿಗೆ ಅಕ್ರೋಟ್‌ನಂಥ ಗಂಟು ಜುಟ್ಟು, ಅದನ್ನು ವಾಲ್‌ನಟ್ ಅನ್ನುತ್ತಾರೆ. ಜೊತೆಗೆ ಕಾಲಿಗೆ ನಾಲ್ಕರ ಬದಲು ಐದು ಬೆರಳು.

ಒಂದು ವಿಷಯ ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ಜುಟ್ಟು ನೋಡಿ 'ಇದು ಅಪ್ಪಟ ಅಲ್ಲ' ಅನ್ನಬಹುದು, 'ಇದು ಅಪ್ಪಟವೇ' ಅನ್ನಲಾಗದು. ಬಟಾಣಿ ಗುಣ ಸಿಂಗಲ್ ಗುಣವನ್ನು ಅಡಗಿಸುತ್ತದೆ, ಹಾಗಾಗಿ ಅಸೀಲ್ ಹುಂಜಕ್ಕೂ ಮನೆಯ ಊರ ಹ್ಯಾಟೆಗೂ ಹುಟ್ಟಿದ ಮರಿಗೂ ಬಟಾಣಿ ಜುಟ್ಟೇ ಬರುತ್ತದೆ, ಸಂತೆಯಲ್ಲಿ ಅದು ಅಸೀಲ್ ಬೆಲೆಗೇ ಹೋಗುತ್ತದೆ. ಅಪ್ಪಟ ರೋಸ್ ಮತ್ತು ಅಪ್ಪಟ ಬಟಾಣಿ ಸೇರಿದರಂತೂ ಮರಿಗೆ ಎರಡೂ ಅಲ್ಲದ ವಾಲ್‌ನಟ್! ಬೇಟ್‌ಸನ್ ಮತ್ತು ಪುನೆಟ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು 1900ರ ದಶಕದಲ್ಲೇ ಇದನ್ನು ತೋರಿಸಿದ್ದರು. ಅಂಥ ಎರಡು ವಾಲ್‌ನಟ್ ಮರಿಗಳನ್ನು ಕೂಡಿಸಿದರೆ ಹದಿನಾರರಲ್ಲಿ ಸರಾಸರಿ ಒಂದು ಮರಿಗೆ ಸಿಂಗಲ್ ಜುಟ್ಟು ಬರುತ್ತದೆ.

ಹಾಗಾಗಿ ಜುಟ್ಟಿನ ಜೊತೆ ಕಿವಿ ಹಾಲೆ, ಕಾಲು, ಪುಕ್ಕ ಮೂರೂ ನೋಡಿ. ಲೆಗ್‌ಹಾರ್ನ್ ಅಂದರೆ ಬಿಳಿ ಕಿವಿ ಹಾಲೆ, ಹಳದಿ ಕಾಲು, ಹ್ಯಾಟೆಯ ಜುಟ್ಟು ಒಂದು ಕಡೆ ಮಡಚಿಕೊಂಡಿರಬೇಕು. ರೋಡ್ ಐಲ್ಯಾಂಡ್ ರೆಡ್‌ಗೆ ಕಿವಿ ಕೆಂಪು, ಜುಟ್ಟು ಮಾತ್ರ ಸಿಂಗಲ್ ಅಥವಾ ರೋಸ್, ಎರಡೂ ನಡೆಯುತ್ತದೆ. ಕಡಕ್‌ನಾಥ್‌ನಲ್ಲಿ ಮೋಸ ಜಾಸ್ತಿ. ಮಧ್ಯಪ್ರದೇಶದ ಝಾಬುವಾದ ಈ ತಳಿಗೆ 2018ರಲ್ಲಿ ಜಿಐ ಟ್ಯಾಗ್, ಅಂದರೆ ಆ ಪ್ರದೇಶದ್ದೇ ಎಂಬ ಅಧಿಕೃತ ಗುರುತು, ಸಿಕ್ಕಿದೆ. ಬರೀ ಕಪ್ಪು ಪುಕ್ಕ ನೋಡಿ ದುಡ್ಡು ಕೊಡಬೇಡಿ. ಬಾಯಿ ತೆರೆಸಿ ನಾಲಿಗೆ ನೋಡಿ, ಹೊಟ್ಟೆಯ ಪುಕ್ಕ ಸರಿಸಿ ಚರ್ಮ ನೋಡಿ, ಎರಡೂ ಕಪ್ಪಗಿರಬೇಕು. ಜುಟ್ಟು ಕೆಂಪಾಗಿ ಹೊಳೆಯುತ್ತಿದ್ದರೆ ಮಿಶ್ರ ತಳಿ ಅಂತಲೇ ಲೆಕ್ಕ. ಮೊಟ್ಟೆ ಕಪ್ಪಗಿರುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಬಿಡಿ.

ಕೆಲವರು ಹುಂಜದ ಜುಟ್ಟು ಕತ್ತರಿಸಿರುತ್ತಾರೆ. ಅಂಥದ್ದರಲ್ಲಿ ಮೂಲ ಜಾತಿ ತಿಳಿಯುವುದು ಕಷ್ಟ. ನಮ್ಮ ಕರಾವಳಿ ಸೆಕೆಯಲ್ಲಿ ಬೇರೆ ತೊಂದರೆಯೂ ಇದೆ. ಕೋಳಿಗೆ ಬೆವರಿಲ್ಲ, ಮೈ ಶಾಖ ಒಂದಿಷ್ಟು ಜುಟ್ಟಿನಿಂದಲೇ ಹೊರಗೆ ಹೋಗಬೇಕು. ಜುಟ್ಟು ನೀಲಿಗಟ್ಟಿದ್ದರೆ, ಕಪ್ಪು ಹಕ್ಕಳೆ ಕಟ್ಟಿದ್ದರೆ ರೋಗ ಇರಬಹುದು, ಎಷ್ಟು ಅಗ್ಗವಾದರೂ ಬೇಡ. ಬಿಳಿಚಿದ್ದರೆ ಹುಳವೋ ಹೇನೋ ಇರಬಹುದು, ಇಲ್ಲ ಸುಮ್ನೆ ಕಾವು ಕೂತು ಎದ್ದ ಹ್ಯಾಟೆ ಇರಬಹುದು, ಕೇಳಿ ನೋಡಿ.