ನಾಲ್ಕು ಜನ, ಒಂದು ಆ್ಯಪ್: ಕಾಲೇಜು ಪ್ರಾಜೆಕ್ಟ್ ಮಧ್ಯದಲ್ಲೇ ನಿಲ್ಲದ ಹಾಗೆ ನೋಡಿಕೊಳ್ಳೋದು ಹೇಗೆ

ಫೈನಲ್ ಇಯರ್‌ನಲ್ಲಿ ನಾಲ್ಕು ಜನ ಸೇರಿ ಮೊಬೈಲ್ ಆ್ಯಪ್ ಮಾಡಲು ಹೊರಟಿದ್ದೀರಿ. ಮೊದಲ ಎರಡು ವಾರ ಎಲ್ಲರಿಗೂ ಹುರುಪು ಇರುತ್ತದೆ. ಆಮೇಲೆ ಒಂದು ದಿನ ಗೈಡ್ ಕೇಳುತ್ತಾರೆ, ಎಲ್ಲಿಗೆ ಬಂತು ಅಂತ. ಒಬ್ಬ "ಲಾಗಿನ್ ಆಗಿದೆ ಸರ್" ಅನ್ನುತ್ತಾನೆ, ಇನ್ನೊಬ್ಬಳು ಡೇಟಾಬೇಸ್ ರೆಡಿ ಅನ್ನುತ್ತಾಳೆ, ಮತ್ತೊಬ್ಬ ಡಿಸೈನ್ ಮುಗಿದಿದೆ ಅನ್ನುತ್ತಾನೆ, ಆದರೆ ಒಂದು ಫೋನ್ ಕೈಗೆ ಕೊಟ್ಟು ತೋರಿಸಿ ಅಂದರೆ ಯಾರ ಹತ್ತಿರವೂ ಪೂರ್ತಿ ಓಡುವ ಆ್ಯಪ್ ಇರುವುದಿಲ್ಲ. ಅದಕ್ಕೇ ಯಾವ ತಂಡಕ್ಕಾದರೂ ನಾನು ಮೊದಲು ಹೇಳುವುದು ಇದನ್ನೇ: ಬೇರೆಯವರ ಫೋನಿನಲ್ಲಿ ಓಡಿದ್ದು ಮಾತ್ರ ಆದ ಕೆಲಸ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಇನ್ನೂ ಲೆಕ್ಕಕ್ಕಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಊರಿನ ಡೈರಿಗೆ ಬೆಳಿಗ್ಗೆ, ಸಂಜೆ ಹಾಲು ಹಾಕುವ ಮನೆಗಳಿಗೆ ಒಂದು ಆ್ಯಪ್. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಷ್ಟು, ದರ ಎಷ್ಟು ಅಂತ ಚೀಟಿ ಸಿಗುತ್ತದೆ, ಚೀಟಿ ಜೇಬಿನಲ್ಲೇ ಹರಿದು ಹೋಗುತ್ತದೆ, ಬಟವಾಡೆ ದಿನ ಲೆಕ್ಕ ತಾಳೆ ನೋಡೋಣ ಅಂದರೆ ಕೈಯಲ್ಲಿ ಏನೂ ಇರುವುದಿಲ್ಲ. ಈ ಆ್ಯಪ್ ಆ ಚೀಟಿಯನ್ನು ಇಟ್ಟುಕೊಳ್ಳಬೇಕು, ಒಟ್ಟು ಹಣ ತೋರಿಸಬೇಕು. ಅಷ್ಟೇ ಕೆಲಸ. ಇದನ್ನು ಒಂದೇ ಸಾಲಿನಲ್ಲಿ ಬರೆದು ಗ್ರೂಪಿನಲ್ಲಿ ಪಿನ್ ಮಾಡಿ. ಹಸುವಿನ ಫೋಟೋ ನೋಡಿ ಕಾಯಿಲೆ ಹೇಳುವುದು, ರೈತರಿಗೆ ಚಾಟ್, ಮೇವಿನ ಬೆಲೆ, ಇವೆಲ್ಲ ಯಾರಾದರೂ ತಂದೇ ತರುತ್ತಾರೆ. ಒಂದು ಹಾಳೆಯಲ್ಲಿ ಬರೆದು ಪಕ್ಕಕ್ಕಿಡಿ. ಆ ಸಾಲಿನ ಕೆಲಸ ಮುಗಿಯುವ ತನಕ ಆ ಹಾಳೆಯನ್ನು ಹೊರತೆಗೆಯಬೇಡಿ.

ಮೊದಲ ವಾರದ ಗುರಿ ತುಂಬಾ ಚಿಕ್ಕದಿರಲಿ. ಒಂದು ಸ್ಕ್ರೀನ್. ಅದರಲ್ಲಿ ಲೀಟರ್ ಹಾಕಿ 'ಉಳಿಸಿ' ಒತ್ತಿದರೆ ಕೆಳಗಿನ ಪಟ್ಟಿಯಲ್ಲಿ ಬರಬೇಕು. ಆ್ಯಪ್ ಮುಚ್ಚಿ ತೆರೆದರೂ ಅಲ್ಲೇ ಇರಬೇಕು. ಲಾಗಿನ್ ಬೇಡ, ಬಣ್ಣ ಬೇಡ, ಲೋಗೋ ಬೇಡ. ಇಷ್ಟು ನಾಲ್ಕೂ ಜನರ ಫೋನಿನಲ್ಲಿ ಓಡಿದರೆ ನಿಮ್ಮ ಅರ್ಧ ತಲೆನೋವು ಕಳೆಯಿತು, ಯಾಕೆಂದರೆ ಸಾಫ್ಟ್‌ವೇರ್ ಹಾಕಿಕೊಳ್ಳುವುದು, ಕೋಡ್ ಹಂಚಿಕೊಳ್ಳುವುದು, ಎಪಿಕೆ (ಆಂಡ್ರಾಯ್ಡ್ ಫೋನಿಗೆ ಹಾಕಿಕೊಳ್ಳುವ ಆ್ಯಪ್ ಫೈಲ್) ಮಾಡುವುದು ಮೂರೂ ಅಷ್ಟರಲ್ಲಿ ಎಲ್ಲರಿಗೂ ಬಂದಿರುತ್ತದೆ.

ಆ್ಯಪ್ ಕಟ್ಟುವ ಗೂಗಲ್‌ನ ಟೂಲ್ ಫ್ಲಟರ್‌ನಲ್ಲಿ ಮಾಡುವುದಾದರೆ ಒಂದೇ ಕೋಡ್ ಆಂಡ್ರಾಯ್ಡ್‌ಗೂ ಐಫೋನಿಗೂ ಆಗುತ್ತದೆ, ನಿಜ. ಆದರೆ ಐಫೋನಿಗೆ ಬಿಲ್ಡ್ ಮಾಡಲು ಮ್ಯಾಕ್ ಬೇಕು. ತಂಡದಲ್ಲಿ ಮ್ಯಾಕ್ ಇಲ್ಲದಿದ್ದರೆ ಆಂಡ್ರಾಯ್ಡ್ ಸಾಕು ಅಂತ ಮೊದಲ ದಿನವೇ ತೀರ್ಮಾನ ಮಾಡಿ. 8 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್‌ನಲ್ಲಿ ಎಮ್ಯುಲೇಟರ್ (ಲ್ಯಾಪ್‌ಟಾಪ್‌ನೊಳಗೆ ಓಡುವ ನಕಲು ಫೋನ್) ಹಾಕಿಕೊಂಡು ಒದ್ದಾಡಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಶನ್ಸ್ ತೆರೆಯುತ್ತದೆ, ಅಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ ಕೇಬಲ್ ಹಾಕಿದರೆ ಆ್ಯಪ್ ನೇರ ಫೋನಿನಲ್ಲೇ ಓಡುತ್ತದೆ. ಮತ್ತೆ ಫ್ಲಟರ್ ವರ್ಷನ್ ನಾಲ್ಕೂ ಮೆಷಿನ್‌ನಲ್ಲಿ ಒಂದೇ ಇರಲಿ. ಒಬ್ಬರು ನಡುವೆ ಅಪ್‌ಡೇಟ್ ಮಾಡಿಕೊಂಡರೆ ಉಳಿದವರ ಬಿಲ್ಡ್ ಒಡೆಯುವುದುಂಟು, ಅದರ ಕಾರಣ ಹುಡುಕುವುದರಲ್ಲೇ ಒಂದು ದಿನ ಹೋಗುತ್ತದೆ.

ಕೆಲಸ ಹಂಚುವುದು. ಸಾಮಾನ್ಯವಾಗಿ ಹೀಗೆ ಹಂಚುತ್ತಾರೆ: ಒಬ್ಬರು ಫ್ರಂಟ್‌ಎಂಡ್ (ಕಣ್ಣಿಗೆ ಕಾಣುವ ಭಾಗ), ಒಬ್ಬರು ಬ್ಯಾಕ್‌ಎಂಡ್ (ಹಿಂದೆ ನಡೆಯುವ ಲೆಕ್ಕ, ಡೇಟಾ), ಒಬ್ಬರು ಟೆಸ್ಟಿಂಗ್, ಒಬ್ಬರು ರಿಪೋರ್ಟ್ ಮತ್ತು ಪಿಪಿಟಿ. ದಯವಿಟ್ಟು ಹೀಗೆ ಮಾಡಬೇಡಿ. ಎಷ್ಟೋ ತಂಡಗಳಲ್ಲಿ ಈ ರಿಪೋರ್ಟ್ ಕೆಲಸ ತಂಡದಲ್ಲಿರುವ ಹುಡುಗಿಯ ಪಾಲಿಗೇ ಬರುತ್ತದೆ, ವರ್ಷದ ಕೊನೆಗೆ ಅವಳು ಒಂದು ಸಾಲು ಕೋಡ್ ಬರೆದಿರುವುದಿಲ್ಲ, ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳುವುದು ಅವಳನ್ನೇ. ಇದು ಅನ್ಯಾಯ. ಅದರ ಬದಲು ಒಂದೊಂದು ಕೆಲಸವನ್ನು ಮೇಲಿಂದ ಕೆಳಗಿನ ತನಕ ಒಬ್ಬರಿಗೇ ಕೊಡಿ. ಚೀಟಿ ನಮೂದು ಮಾಡುವ ಸ್ಕ್ರೀನ್, ಅದರ ಲೆಕ್ಕ, ಅದನ್ನು ಉಳಿಸುವ ಟೇಬಲ್, ಮೂರೂ ಒಬ್ಬರದು. ಬಟವಾಡೆ ಮೊತ್ತ ಇನ್ನೊಬ್ಬರದು. ತಿಂಗಳ ಪಟ್ಟಿ ಮತ್ತೊಬ್ಬರದು. ರಿಪೋರ್ಟ್ ನಾಲ್ವರೂ ಬರೆಯಿರಿ, ಅವರವರ ಭಾಗ ಅವರವರು.

ಕೋಡ್ ಹಂಚಿಕೊಳ್ಳಲು ಗಿಟ್ (ಯಾರು ಏನು ಬದಲಿಸಿದರು ಅಂತ ಲೆಕ್ಕ ಇಡುವ ಟೂಲ್) ಬಿಟ್ಟರೆ ಬೇರೆ ದಾರಿ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ 'ಫೈನಲ್', 'ಫೈನಲ್ 2', 'ಲೇಟೆಸ್ಟ್ ಫೈನಲ್' ಅಂತ ಜಿಪ್ ಫೈಲ್ ಕಳಿಸುವ ತಂಡ ಮೂರನೇ ವಾರಕ್ಕೇ ಕೂತುಬಿಡುತ್ತದೆ. ಮೇನ್ ಬ್ರ್ಯಾಂಚ್‌ಗೆ (ಎಲ್ಲರ ಕೆಲಸ ಸೇರುವ ಮುಖ್ಯ ಪ್ರತಿ) ಯಾರೂ ನೇರ ಪುಶ್ ಮಾಡಬಾರದು, ಅಂದರೆ ಕೋಡ್ ಕಳಿಸಬಾರದು. ಬೇರೆ ಬ್ರ್ಯಾಂಚ್‌ನಲ್ಲಿ ಕೆಲಸ ಮಾಡಿ, ಪುಲ್ ರಿಕ್ವೆಸ್ಟ್ (ಇದನ್ನು ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕಿ, ಇನ್ನೊಬ್ಬರು ಓದಿ ಒಪ್ಪಿದ ಮೇಲೆ ಸೇರಿಸಿ. ಆ ದಿನದ ಕೆಲಸ ಆ ದಿನವೇ ಪುಶ್ ಆಗಲಿ, ಅರ್ಧಂಬರ್ಧ ಇದ್ದರೂ ಪರವಾಗಿಲ್ಲ, ನಿಮ್ಮ ಬ್ರ್ಯಾಂಚ್ ತಾನೇ. ಎರಡು ವಾರ ಒಳಗೇ ಇಟ್ಟುಕೊಂಡು ಒಂದೇ ಸಲ ಸೇರಿಸಲು ಹೋದರೆ ಮರ್ಜ್ ಕಾನ್‌ಫ್ಲಿಕ್ಟ್ ರಾಶಿ ಬೀಳುತ್ತದೆ. ಬಿದ್ದರೆ ಹೆದರಬೇಡಿ. ಒಂದೇ ಸಾಲಿಗೆ ಇಬ್ಬರು ಕೈ ಹಾಕಿದ್ದೀರಿ, ಯಾವುದನ್ನು ಇಟ್ಟುಕೊಳ್ಳಲಿ ಅಂತ ಗಿಟ್ ಕೇಳುತ್ತಿದೆ, ಅಷ್ಟೇ. ಆ ಇಬ್ಬರೂ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ಬಿಡಿಸಿ. ಪಾಸ್‌ವರ್ಡ್, ಎಪಿಐ ಕೀ (ಹೊರಗಿನ ಸೇವೆ ಬಳಸಲು ಕೊಡುವ ಗುಟ್ಟಿನ ಕೋಡ್), ಆ್ಯಪ್‌ಗೆ ಸಹಿ ಹಾಕುವ ಕೀಸ್ಟೋರ್ ಫೈಲ್ ಮಾತ್ರ ಗಿಟ್‌ಹಬ್‌ಗೆ (ಗಿಟ್ ಕೋಡ್ ಇಡುವ ವೆಬ್‌ಸೈಟ್) ಹೋಗಲೇಬಾರದು.

ಈಗ ಸ್ವಲ್ಪ ಒಳಗೆ ಇಳಿಯೋಣ, ಯಾಕೆಂದರೆ ಆ್ಯಪ್ ಕೆಡುವುದು ಇಂಥ ಚಿಕ್ಕ ಜಾಗಗಳಲ್ಲೇ. ಫ್ಯಾಟ್ 4.2 ಅಂತ ಹಾಕಬೇಕು. ಫ್ಲಟರ್‌ನಲ್ಲಿ ಸುಮ್ನೆ ನಂಬರ್ ಕೀಬೋರ್ಡ್ ಅಂತ ಕೊಟ್ಟರೆ ಕೆಲವು ಫೋನುಗಳಲ್ಲಿ ಚುಕ್ಕಿಯೇ ಸಿಗುವುದಿಲ್ಲ, ಡೆಸಿಮಲ್ ಬೇಕು ಅಂತ ಬೇರೆಯಾಗಿ ಹೇಳಬೇಕು. ಅವಸರದಲ್ಲಿ ಯಾರೋ 42 ಅಂತ ಒತ್ತುತ್ತಾರೆ. ಹಾಲಿನ ಫ್ಯಾಟ್ 42 ಆಗಲು ಸಾಧ್ಯವೇ ಇಲ್ಲ, ಅಲ್ವಾ? ಹಸುವಿನ ಹಾಲಿಗೆ 4ರ ಆಸುಪಾಸು, ಎಮ್ಮೆಯದು ಅದಕ್ಕಿಂತ ಜಾಸ್ತಿ. ಹಾಗಾಗಿ 15 ದಾಟಿದರೆ ಆ್ಯಪ್ ನಿಂತು '4.2 ಇರಬಹುದಾ?' ಅಂತ ಕೇಳಲಿ. ಒಂದೇ ದಿನದ ಬೆಳಗಿನ ಹಾಲು ಎರಡು ಸಲ ಹಾಕಿದರೂ ಕೇಳಲಿ. ಹಣದ ಲೆಕ್ಕವನ್ನು ಡಬಲ್‌ನಲ್ಲಿ (ಕೋಡ್‌ನಲ್ಲಿ ದಶಮಾಂಶ ಸಂಖ್ಯೆ ಇಡುವ ಬಗೆ) ಇಡಬೇಡಿ. ಕಂಪ್ಯೂಟರ್‌ಗೆ 0.1 ಮತ್ತು 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ಕೊನೆಯಲ್ಲಿ ಎಲ್ಲೋ ಒಂದು 4 ಉಳಿಯುತ್ತದೆ. ಪೈಸೆ ಲೆಕ್ಕದಲ್ಲಿ ಪೂರ್ಣ ಸಂಖ್ಯೆಯಾಗಿ ಇಟ್ಟು, ತೋರಿಸುವಾಗ ಮಾತ್ರ ರೂಪಾಯಿ ಮಾಡಿ. ಬಟವಾಡೆಯಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಆ ಮನೆಯವರು ನಿಮ್ಮ ಆ್ಯಪ್ ಅನ್ನು ಮತ್ತೆ ನಂಬುವುದಿಲ್ಲ.

ಕನ್ನಡ ಅಕ್ಷರಗಳ ಕಡೆಗೂ ಗಮನ ಇರಲಿ. 'ಲೆಕ್ಕ', 'ಒಟ್ಟು' ಅಂತ ಬಟನ್ ಮೇಲೆ ಬರೆದು ಬಟನ್‌ನ ಎತ್ತರ ಇಷ್ಟೇ ಅಂತ ಕಟ್ಟಿಹಾಕಿದರೆ ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗುತ್ತದೆ. ಕಣ್ಣು ಮಂದ ಇರುವವರು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ, ಅಲ್ಲಿ ಇನ್ನೂ ಜಾಸ್ತಿ. ನಿಮ್ಮ ಫೋನಿನಲ್ಲೂ ಅಕ್ಷರದ ಗಾತ್ರ ಪೂರ್ತಿ ಏರಿಸಿ ಒಂದು ಸಲ ನೋಡಿ.

ಡೇಟಾ ಎಲ್ಲಿಡುವುದು? ಈ ಆ್ಯಪ್‌ಗೆ ಫೋನಿನಲ್ಲೇ ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸ್ ಸಾಕು, ನೆಟ್‌ವರ್ಕ್ ಇಲ್ಲದ ಕೊಟ್ಟಿಗೆಯಲ್ಲೂ ಓಡುತ್ತದೆ.

ವಾರಕ್ಕೊಮ್ಮೆ, ಶನಿವಾರ ಅಂತಿಟ್ಟುಕೊಳ್ಳಿ, ಮೇನ್ ಬ್ರ್ಯಾಂಚ್‌ನಿಂದ ಎಪಿಕೆ ಮಾಡಿ ತಂಡದ ಹೊರಗಿನ ಒಬ್ಬರ ಫೋನಿಗೆ ಹಾಕಿ. ಅಮ್ಮ ಆಗಬಹುದು, ಪಕ್ಕದ ಮನೆಯ ಚಿಕ್ಕಪ್ಪ ಆಗಬಹುದು. ಒಂದು ಚೀಟಿ ಕೊಟ್ಟು "ಇದನ್ನು ಹಾಕಿ" ಅನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿ. ಬೆರಳು ಎಲ್ಲಿ ನಿಂತಿತು, ಎಲ್ಲಿ ಹಿಂದೆ ಹೋಯಿತು ಅಂತ ಬರೆದುಕೊಳ್ಳಿ, ಮುಂದಿನ ವಾರದ ಕೆಲಸ ಅದರಲ್ಲೇ ಸಿಗುತ್ತದೆ. "ಮಗಾ, ತೊಂಬತ್ತು ಪರ್ಸೆಂಟ್ ಆಗಿದೆ" ಅನ್ನುವ ಮಾತು ಮೀಟಿಂಗಿನಲ್ಲಿ ಬೇಡ. ಆಗಿದೆಯಾ, ಇಲ್ಲವಾ, ಎರಡೇ ಉತ್ತರ.

ಇಂಟರ್ನಲ್ಸ್, ಪ್ಲೇಸ್‌ಮೆಂಟ್ ವಾರಗಳನ್ನು ಮೊದಲೇ ಖಾಲಿ ಬಿಟ್ಟು ಪ್ಲ್ಯಾನ್ ಮಾಡಿ. ಒಬ್ಬರು ಸುದ್ದಿಯೇ ಇಲ್ಲ ಅಂದರೆ ಗ್ರೂಪಿನಲ್ಲಿ ಚುಚ್ಚಬೇಡಿ, ಫೋನ್ ಮಾಡಿ. ಬಹಳ ಸಲ ಒಂದು ಎರರ್‌ನಲ್ಲಿ ಸಿಕ್ಕಿಕೊಂಡು ಹೇಳಲು ನಾಚಿಕೆಯಾಗಿ ಕೂತಿರುತ್ತಾರೆ. ಕೆಲಸ ಕಡಿಮೆ ಮಾಡಿ, ಆದರೆ ಕೈ ಬಿಡಬೇಡಿ.

ಡೆಮೋಗೆ ಎಪಿಕೆ ಸಾಕು. ಪ್ಲೇ ಸ್ಟೋರ್‌ಗೆ ಹಾಕುವ ಆಸೆ ಇದ್ದರೆ ಬೇಗ ಶುರು ಮಾಡಿ. ಒಂದೇ ಸಲ ಕಟ್ಟುವ 25 ಡಾಲರ್ ಶುಲ್ಕವಿದೆ, ಹೊಸ ಆ್ಯಪ್‌ಗೆ ಎಪಿಕೆ ಬದಲು ಎಎಬಿ (ಆಂಡ್ರಾಯ್ಡ್ ಆ್ಯಪ್ ಬಂಡಲ್) ಫೈಲ್ ಕೊಡಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾದರೆ ಕನಿಷ್ಠ 12 ಜನ ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ಪಟ್ಟಿಯಲ್ಲಿರುವವರಿಗೆ ಮಾತ್ರ ಸಿಗುವ ಪರೀಕ್ಷೆ) ಇರಬೇಕು, ಅದಾದ ಮೇಲೆ ಗೂಗಲ್ ಪರಿಶೀಲನೆ ಬೇರೆ. ಕಾಲೇಜಿನ ರಿವ್ಯೂಗೆ ಒಂದು ವಾರ ಇರುವಾಗ ಹೊರಟರೆ ಆಗುವುದಿಲ್ಲ. ಆ 12 ಜನರನ್ನು ಕ್ಲಾಸ್‌ಮೇಟ್‌ಗಳಿಂದ ತುಂಬಿಸಬೇಡಿ, ಹಾಲು ಹಾಕುವ ಮನೆಗಳಿಂದಲೇ ಕೇಳಿ, ಅವರ ಪ್ಲೇ ಸ್ಟೋರ್‌ನಲ್ಲಿ ಯಾವ ಜಿಮೇಲ್ ಇದೆಯೋ ಅದನ್ನೇ ಪಟ್ಟಿಗೆ ಸೇರಿಸಿ. ಎಷ್ಟೋ ಮನೆಗಳಲ್ಲಿ ಆ ಜಿಮೇಲ್ ಮಗನದೋ ಮಗಳದೋ ಆಗಿರುತ್ತದೆ, ಆದ್ದರಿಂದ ಫೋನ್ ತೆರೆದು ನೋಡಿಯೇ ಬರೆದುಕೊಳ್ಳಿ.