ಸಾಸಿವೆ ಕಾಳು ತೋರಿಸಿ ಜೇಡದ ಕಣ್ಣು ನೋಡಿದೆ

ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯ ಹಿಂದೆ ಬಸಳೆ ಚಪ್ಪರ ಇದೆ. ಮಳೆ ಬಿಟ್ಟ ಒಂದು ಬೆಳಿಗ್ಗೆ ಬಸಳೆ ಕೊಯ್ಯಲು ಹೋದ ಅಮ್ಮ ಕರೆದರು. "ಇಲ್ಲಿ ಬಾ ಮಾರಾಯ, ಈ ಜೇಡ ನನ್ನನ್ನೇ ನೋಡ್ತಾ ಉಂಟು!" ಎಲೆಯ ಮೇಲೆ ತಿಳಿಹಳದಿ ಬಣ್ಣದ ಜಿಗಿಯುವ ಜೇಡ. ಹೊಟ್ಟೆಯ ಮೇಲೆ ಎರಡು ಕೆಂಪು ಗೆರೆ. ವೈಜ್ಞಾನಿಕ ಹೆಸರು ಟೆಲಮೋನಿಯಾ ಡಿಮಿಡಿಯಾಟಾ, ಇದು ಹೆಣ್ಣು. ಅಮ್ಮ ಹೇಳಿದ್ದು ನಿಜವೇ ಅಂತ ನೋಡಲೇಬೇಕು ಅನಿಸಿತು.

ಇದು ಬಲೆ ಕಟ್ಟಿ ಕಾಯುವ ಜೇಡ ಅಲ್ಲ, ಕಣ್ಣನ್ನೇ ನಂಬಿ ಬೇಟೆಯಾಡುತ್ತದೆ. ಒಟ್ಟು 8 ಕಣ್ಣು. ಎದುರಿಗೆ ಎರಡು ದೊಡ್ಡವು, ಉಳಿದ ಆರು ತಲೆಯ ಸುತ್ತ.

ಒಂದು ಸಾಸಿವೆ ಕಾಳಿಗೆ ನೂಲು ಅಂಟಿಸಿ, ಜೇಡದ ಹಿಂದೆ ಒಂದು ಗೇಣು ದೂರದಲ್ಲಿ ಇಳಿಬಿಟ್ಟೆ. ಕಾಳು ಸುಮ್ಮನಿದ್ದಷ್ಟು ಹೊತ್ತು ಜೇಡವೂ ಸುಮ್ಮನಿತ್ತು. ನೂಲು ಆಡಿಸಿದ್ದೇ ತಡ, ಗಿರ್ರನೆ ತಿರುಗಿತು. ಏನೋ ಅಲುಗಿತು ಅಂತ ಸುದ್ದಿ ಕೊಡುವುದು ಸುತ್ತಲಿನ ಸಣ್ಣ ಕಣ್ಣುಗಳು. ಅದು ಏನು ಅಂತ ನೋಡುವುದು ಎದುರಿನ ಜೋಡಿ.

ಮೊಬೈಲಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ ಆ ಜೋಡಿಯನ್ನೇ ನೋಡುತ್ತಾ ಕೂತೆ. ತಿಳಿ ಬಣ್ಣದ ಕಣ್ಣು ಇದ್ದಕ್ಕಿದ್ದಂತೆ ಕಪ್ಪಾಯಿತು, ಮತ್ತೆ ತಿಳಿಯಾಯಿತು. ಕಣ್ಣಿನ ಮಸೂರ ತಲೆಗೆ ಅಂಟಿಕೊಂಡಿದೆ, ಅಲುಗುವುದಿಲ್ಲ. ಒಳಗೆ ಒಂದು ಉದ್ದ ಕೊಳವೆ, ಅದರ ತುದಿಯಲ್ಲಿ ರೆಟಿನಾ, ಅಂದರೆ ಚಿತ್ರ ಮೂಡುವ ಪರದೆ. ಸಣ್ಣ ಸ್ನಾಯುಗಳು ಆ ಕೊಳವೆಯನ್ನು ಅತ್ತಿತ್ತ ತಿರುಗಿಸುತ್ತವೆ. ರೆಟಿನಾ ನಮ್ಮ ಕಡೆ ತಿರುಗಿದಾಗ ಕಣ್ಣು ಕಪ್ಪಾಗಿ ಕಾಣುತ್ತದೆ. ಅಂದರೆ ಅಮ್ಮ ಹೇಳಿದ್ದು ಸರಿ, ನಮ್ಮನ್ನೇ ನೋಡುತ್ತಿತ್ತು!

ರೆಟಿನಾ ತುಂಬಾ ಕಿರಿದು. ಒಂದು ಸಲಕ್ಕೆ ಸ್ಪಷ್ಟವಾಗಿ ಕಾಣುವುದು ಸಣ್ಣ ಪಟ್ಟಿ ಮಾತ್ರ. ಕರೆಂಟ್ ಹೋದಾಗ ಟಾರ್ಚ್ ಆಡಿಸಿ ಗೋಡೆಯ ಕ್ಯಾಲೆಂಡರ್ ಓದುತ್ತೇವಲ್ವಾ, ಹಾಗೆ ಚೂರು ಚೂರೇ ನೋಡಿ, ಗಸಗಸೆ ಕಾಳಿನಷ್ಟು ಮಿದುಳಿನಲ್ಲಿ ಜೋಡಿಸಿಕೊಳ್ಳುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಆಶ್ಚರ್ಯ ಆಗಿದ್ದು ಇದೇ.

ದೂರ ಅಳೆಯುವ ಉಪಾಯವೂ ಅಲ್ಲೇ ಇದೆ. ರೆಟಿನಾದಲ್ಲಿ ನಾಲ್ಕು ಪದರ. ಹಸಿರು ಬೆಳಕಿನ ಚಿತ್ರ ಒಂದು ಪದರದಲ್ಲಿ ಸ್ಪಷ್ಟ, ಇನ್ನೊಂದರಲ್ಲಿ ಮಸುಕು. ಎಷ್ಟು ಮಸುಕು ಎನ್ನುವುದರಿಂದ ದೂರ ಗೊತ್ತಾಗುತ್ತದೆ. 2012ರಲ್ಲಿ ಜಪಾನಿನ ಸಂಶೋಧಕರು ಬೇರೆ ಜಾತಿಯ ಜಿಗಿಯುವ ಜೇಡಗಳನ್ನು ಹಸಿರು ಇಲ್ಲದ ಕೆಂಪು ಬೆಳಕಿನಲ್ಲಿ ಬಿಟ್ಟಾಗ, ದೂರದ ಲೆಕ್ಕ ತಪ್ಪಿ ಅವು ಬೇಟೆಯನ್ನು ಮುಟ್ಟದೆ ಮೊದಲೇ ಬಿದ್ದವು.

ಸಾಸಿವೆ ಕಾಳನ್ನು ಸ್ವಲ್ಪ ಹೊತ್ತು ನೋಡಿ ನಮ್ಮ ಜೇಡ ಬೆನ್ನು ಹಾಕಿತು. ಆಮೇಲೆ ಬಾಳೆಹಣ್ಣಿನ ಸಿಪ್ಪೆ ಇಟ್ಟೆ, ಸಣ್ಣ ನೊಣ ಬಂತು. ಜೇಡ ತಿರುಗಿತು, ಎರಡು ಹೆಜ್ಜೆ ಮುಂದೆ ಬಂತು, ಹಿಂಭಾಗವನ್ನು ಎಲೆಗೆ ಒತ್ತಿ ನೂಲು ಅಂಟಿಸಿತು. ಲೆನ್ಸಿನಲ್ಲಿ ಎರಡೂ ಕಣ್ಣು ಕಪ್ಪು. ಮರುಕ್ಷಣ ಎಲೆ ಖಾಲಿ, ಆ ನೂಲು ಮಾತ್ರ ಬಿಸಿಲಿಗೆ ಹೊಳೆಯುತ್ತಿತ್ತು.